ಮಂಡಿಯ ಮೇಲಿನ ನೀಲಿ ಪಟ್ಟಿ

ಮಕ್ಕಳು ಆಟೋಟಗಳಲ್ಲಿ ಮುಂದೆ ಬರಲೆಂಬ ಆಸೆ ಯಾವ ತಂದೆತಾಯಿಗಳಿಗಿಲ್ಲ? ಅದರಲ್ಲಿಯೂ ಶಾಲೆಯ ಓಟದ ಪಂದ್ಯಗಳಲ್ಲಿ ತಪ್ಪದೆ ಕಡೆಯವರಾಗಿ ಬಂದು, ಈಗ ದೆಹಲಿಯ ಸರಕಾರಿ ಕಚೇರಿಯೊಂದರಲ್ಲಿ ಕಡತಗಳ ನಡುವೆ ಕುಳಿತಿರುವ ನಮ್ಮಂಥ ಗುಮಾಸ್ತರಿಗೆ, ಮಗಳು ಓಡಿ ಪದಕ ತಂದರೆ ಆಗತಕ್ಕ ಹಿಗ್ಗು ಇಷ್ಟೆಂದು ಹೇಳಲಾಗದು. ಆ ಹಿಗ್ಗೇ ನಮ್ಮ ಕಣ್ಣಿಗೆ ಕಟ್ಟಿದ ಪಟ್ಟಿಯಾಯಿತೆಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇವೆ.

ನಮ್ಮ ಹಿರಿಯ ಮಗಳಿಗೆ ಹನ್ನೆರಡು ವರ್ಷ. ಉದ್ದ ಜಿಗಿತದಲ್ಲಿ ಶಾಲೆಗೇ ಮೊದಲಿಗಳು. ಕಳೆದ ಚಳಿಗಾಲದಲ್ಲಿ, ವಲಯ ಮಟ್ಟದ ಪಂದ್ಯಕ್ಕೆ ಮೂರು ವಾರವಿರುವಾಗ, ಮಂಡಿಯ ಕೆಳಗೆ ನೋವೆಂದಳು. ಬಣ್ಣದ ಟೇಪು ಅಂಟಿಸಿದರೆ ಸರಿಹೋಗುವುದೆಂದು ತರಬೇತಿ ಕೊಡುವವರು ಹೇಳಿ ಕಳಿಸಿದರು. "ಒಲಿಂಪಿಕ್ಸ್‌ನಲ್ಲೂ ಹಾಕ್ಕೊಳ್ತಾರೆ ಅಪ್ಪಾ" ಎಂದು ಮಗಳ ಶಿಫಾರಸು. ಔಷಧದ ಅಂಗಡಿಯಿಂದ ನೀಲಿ ಸುರುಳಿಯೊಂದನ್ನು ತಂದೆವು. ಬೆಲೆ ಕೇಳಿ ನಮ್ಮಾಕೆ, "ಇದೇನು ಬಟ್ಟೆ ಚೂರೋ, ರೇಷ್ಮೆ ಸೀರೆ ಅಂಚೋ?" ಎಂದದ್ದು ಬೇರೆ ಮಾತು.

ಈ ಟೇಪನ್ನು ವಾಚಕರು ಟೆಲಿವಿಷನ್ನಿನಲ್ಲಾದರೂ ನೋಡಿರುತ್ತೀರಿ. 1970ರ ದಶಕದಲ್ಲಿ ಜಪಾನಿನ ಕೆಂಜೊ ಕಾಸೆ ಎಂಬ ಚಿಕಿತ್ಸಕರು ಇದನ್ನು ರೂಪಿಸಿದರು. ಹತ್ತಿಯ ಬಟ್ಟೆ, ಅದರೊಳಗೆ ರಬ್ಬರಿನಂತೆ ಹಿಗ್ಗುವ ಎಳೆ, ಬೆನ್ನಿಗೆ ಅಲೆ ಅಲೆಯಾಗಿ ಬಳಿದ ಅಂಟು. ಔಷಧವೆಂಬುದು ಎಳ್ಳಷ್ಟೂ ಇಲ್ಲ. ಸ್ನಾನ ಮಾಡಿದರೂ ಮೂರು ನಾಲ್ಕು ದಿನ ಕಳಚದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಷ್ ಅವರ ಭುಜದ ಮೇಲೆ ಕಂಡ ಕಪ್ಪು ಪಟ್ಟಿಯಿಂದ ಇದರ ಹೆಸರು ಲೋಕಕ್ಕೆಲ್ಲ ಹಬ್ಬಿತು. 2012ರ ಯುರೋ ಕಪ್ಪಿನ ಸೆಮಿಫೈನಲಿನಲ್ಲಿ ಇಟಲಿಯ ಬಾಲೊಟೆಲಿ ಗೋಲು ಹೊಡೆದು ಅಂಗಿ ಕಳಚಿ ನಿಂತಾಗ ಬೆನ್ನಿನ ಮೇಲೆ ಮೂರು ನೀಲಿ ಪಟ್ಟಿಗಳು! ಇಷ್ಟು ಜಾಹೀರಾತು ಯಾವ ಕಷಾಯಕ್ಕೆ ಸಿಕ್ಕೀತು?

ಚರ್ಮವನ್ನು ತುಸು ಮೇಲಕ್ಕೆತ್ತಿ ರಕ್ತಸಂಚಾರವನ್ನು ಹೆಚ್ಚಿಸುತ್ತದೆ, ಸ್ನಾಯುವಿಗೆ ಬಲ ಕೊಡುತ್ತದೆ ಎಂಬುದು ಇದನ್ನು ಹೊಗಳುವವರ ವಾದ. ಆದರೆ ಹಾಂಗ್‌ಕಾಂಗಿನ ಸಂಶೋಧಕರು ಒಂದು ಜಾಣ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಈ ಟೇಪಿನ ಹೆಸರನ್ನೇ ಕೇಳದವರನ್ನು ಆರಿಸಿ, ಇದು ಸ್ನಾಯುವಿನ ಚಲನೆಯನ್ನು ಅಳೆಯುವ ಸಾಧನವೆಂದು ನಂಬಿಸಿ, ಒಮ್ಮೆ ಸರಿಯಾಗಿ ಎಳೆದು ಅಂಟಿಸಿದರು, ಒಮ್ಮೆ ಎಳೆಯದೆ ಸುಮ್ಮನೆ ಅಂಟಿಸಿದರು, ಒಮ್ಮೆ ಅಂಟಿಸಲೇ ಇಲ್ಲ. ತೊಡೆಯ ಬಲದಲ್ಲಿ ಮೂರು ಸಲವೂ ಹೇಳತಕ್ಕ ವ್ಯತ್ಯಾಸ ಕಾಣಲಿಲ್ಲ. ನಿಂತಲ್ಲಿಂದ ಮೇಲಕ್ಕೆ ಜಿಗಿಯುವುದನ್ನೂ ಹೀಗೆಯೇ ಪರೀಕ್ಷಿಸಿ ಮರುವರ್ಷ ಪ್ರಕಟಿಸಿದರು; ಫಲ ಅದೇ. ಅಂದಮೇಲೆ ಬಲವೆಂದು ತೋರುವುದರಲ್ಲಿ ಹೆಚ್ಚಿನ ಪಾಲು ನಂಬಿಕೆಯದು. ಪಂದ್ಯದ ದಿನ ನಂಬಿಕೆಯೂ ಸಣ್ಣ ಸಂಗತಿಯಲ್ಲ, ನಿಜ. ಚರ್ಮದ ಮೇಲಿನ ಎಳೆತದಿಂದ ನೋವು ಸ್ವಲ್ಪ ಕಾಲ ತುಸು ತಗ್ಗುವುದೂ ಉಂಟು. ಹಳೆಯ ಬಿಳಿ ಟೇಪಿನ ಮಾತೇ ಬೇರೆ. ಅದು ಹಿಗ್ಗುವುದಿಲ್ಲ, ಒಮ್ಮೆ ಉಳುಕಿದ ಪಾದದ ಕೀಲಿಗೆ ಬಿಗಿದರೆ ಮತ್ತೆ ಉಳುಕುವ ಸಂಭವ ಕಡಮೆಯಾಗುತ್ತದೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ನಮ್ಮ ಮನೆಯಲ್ಲಿ ಆದದ್ದು ಆ ತುಸು ತಗ್ಗಿದ ನೋವಿನಿಂದಲೇ. ಟೇಪು ಅಂಟಿಸಿದ ಮಾರನೆಯ ದಿನ ಮಗಳು ನಗುನಗುತ್ತ ಜಿಗಿದಳು. "ನೋಡಿದೆಯಾ, ದುಡ್ಡು ದಂಡವಾಗಲಿಲ್ಲ" ಎಂದು ನಮ್ಮಾಕೆಯ ಮುಂದೆ ಬೀಗಿದೆವು. ಹತ್ತು ದಿನ ಹೀಗೆಯೇ ನಡೆಯಿತು. ಹನ್ನೊಂದನೆಯ ದಿನ ಸಂಜೆ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಅವಳು ಕಂಬಿ ಹಿಡಿದು ನಿಂತೇಬಿಟ್ಟಳು, ಇಳಿಯಲಾರಳು. ಟೇಪು ಕಿತ್ತು ನೋಡಿದರೆ ಮಂಡಿಚಿಪ್ಪಿನ ಕೆಳಗೆ ಅಡಕೆಯಷ್ಟು ಊತ. ಮುಟ್ಟಿದರೆ ಚೀರಿದಳು.

ಡಾಕ್ಟರು ಬೆರಳಿನಿಂದ ಒಂದು ಕಡೆ ಒತ್ತಿದೊಡನೆಯೇ ಗುರುತಿಸಿದರು. 1903ರಲ್ಲಿ ಅಮೆರಿಕದ ಆಸ್‌ಗುಡ್ ಮತ್ತು ಸ್ವಿಟ್ಜರ್ಲೆಂಡಿನ ಶ್ಲಾಟರ್ ಎಂಬ ವೈದ್ಯರು ಬೇರೆ ಬೇರೆಯಾಗಿ ವಿವರಿಸಿದ್ದರಿಂದ ಇಬ್ಬರ ಹೆಸರೂ ಈ ಬೇನೆಗೆ ಸೇರಿಕೊಂಡಿದೆ. ತೊಡೆಯ ಮುಂಭಾಗದ ಸ್ನಾಯು ಮಂಡಿಚಿಪ್ಪನ್ನು ಹಿಡಿದು ಕೆಳಗಿಳಿದು ಕಣಕಾಲಿನ ಮೂಳೆಗೆ ಅಂಟಿಕೊಂಡಿರುತ್ತದೆಯಷ್ಟೆ. ಬೆಳೆಯುವ ಮಕ್ಕಳಲ್ಲಿ ಆ ಜಾಗ ಇನ್ನೂ ಗಟ್ಟಿ ಮೂಳೆಯಾಗಿರದೆ ಮೆತ್ತಗಿರುತ್ತದೆ. ಪ್ರತಿ ಜಿಗಿತಕ್ಕೂ ಸ್ನಾಯು ಅದನ್ನು ಜಗ್ಗುತ್ತದೆ. ದೊಡ್ಡವರಲ್ಲಿ ಕಾಣದ ಈ ತೊಂದರೆ ಮಕ್ಕಳಲ್ಲಿ ಕಾಣುವುದಕ್ಕೆ ಇದೇ ಕಾರಣ.

"ನೋವು ಹೋಗಿತ್ತಲ್ಲ ಡಾಕ್ಟರೇ?" ಎಂದೆವು.

"ಹೋಗಿರಲಿಲ್ಲ. ನೀವು ಅದರ ಬಾಯಿ ಮುಚ್ಚಿಸಿದ್ದಿರಿ" ಎಂದರು.

ನಮಗೆ ತಲೆ ಎತ್ತಲಾಗಲಿಲ್ಲ. ಬೆಳವಣಿಗೆ ಮುಗಿದಂತೆ ಇದು ಸಾಮಾನ್ಯವಾಗಿ ತಾನಾಗಿ ವಾಸಿಯಾಗುವುದೆಂದು ಅವರು ಧೈರ್ಯ ಹೇಳಿದರು. ಜಿಗಿತ ನಿಲ್ಲಿಸಿ, ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಒತ್ತುವುದು, ನೋವು ತಗ್ಗಿದ ಮೇಲೆ ತೊಡೆಯ ಸ್ನಾಯುವನ್ನು ಮೆಲ್ಲಗೆ ಹಿಗ್ಗಿಸುವ ವ್ಯಾಯಾಮ, ಇಷ್ಟೇ ಚಿಕಿತ್ಸೆ. ವಲಯದ ಪಂದ್ಯ ತಪ್ಪಿತು. ಮಗಳು ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ. ಟೇಪು ತಂದದ್ದಕ್ಕೋ, ಕಿತ್ತದ್ದಕ್ಕೋ, ಕೇಳುವ ಧೈರ್ಯ ನಮಗೂ ಆಗಲಿಲ್ಲ.

ಮಕ್ಕಳಿಗೆ ಟೇಪು ಕೊಳ್ಳುವ ಸೋದರ ಸೋದರಿಯರಲ್ಲಿ ನಮ್ಮದು ಒಂದೇ ಅರಿಕೆ. ಕುಂಟುತ್ತಿದ್ದರೆ, ಊತವಿದ್ದರೆ, ಮೂಳೆಯ ಒಂದೇ ಜಾಗದಲ್ಲಿ ಒತ್ತಿದಾಗ ನೋಯುತ್ತಿದ್ದರೆ, ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ, ಅಂಗಡಿಗಿಂತ ಮೊದಲು ವೈದ್ಯರಲ್ಲಿಗೆ ಹೋಗಿ. ತುರಿಕೆ ಬಂದರೆ ಟೇಪನ್ನು ತೆಗೆದುಬಿಡಿ; ತೆಗೆಯುವಾಗ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೆ ಚರ್ಮ ಕೀಳದು.

ಎರಡು ತಿಂಗಳ ಮೇಲೆ ಮಗಳು ಮತ್ತೆ ಮೈದಾನಕ್ಕಿಳಿದಿದ್ದಾಳೆ; ಸದ್ಯಕ್ಕೆ ಮೆಲ್ಲನೆಯ ಓಟ ಮಾತ್ರ. ಮೊನ್ನೆ ಶಾಲೆಯ ಕ್ರೀಡಾದಿನದ ಮುಂಜಾನೆ ಉಳಿದ ಸುರುಳಿಯನ್ನು ಹಿಡಿದು ಬಂದು ನಿಂತಳು. ಮೊದಲು ಮೆಟ್ಟಿಲು ಹತ್ತಿ ಇಳಿಸಿದೆವು, ಒತ್ತಿ ನೋಡಿದೆವು, ನೋವಿರಲಿಲ್ಲ. ಗೇಣುದ್ದದ ತುಂಡನ್ನು ಕತ್ತರಿಸಿ ಅಂಟಿಸಿದೆವು. "ಬಲ ಬರಲ್ಲ ಅಂತ ನೀವೇ ಹೇಳಿದ್ರಲ್ಲ ಅಪ್ಪಾ?" ಎಂದಳು. ಚೆನ್ನಾಗಿ ಕಾಣುತ್ತದೆಯಲ್ಲ, ಅದಕ್ಕೆ ಎಂದೆವು.