ಬೇಸಿಗೆಗೆ ಯಾವ ಹಾಡು ಚೆಂದ?



ಮಳೆ ಬಂದಾಗ ಮಂಡಕ್ಕಿ ಮೆಣಸಿನಕಾಯಿ, ಬಿಸಿಲಿಗೆ ಮಜ್ಜಿಗೆ ಅಂತ ನಾವು ಕಾಲ ನೋಡಿ ತಿನ್ನುತ್ತೇವೆ, ಕುಡಿಯುತ್ತೇವೆ. ಹಾಡನ್ನೂ ಹಾಗೇ ಕಾಲ ನೋಡಿ ಆರಿಸಬೇಕು. ಅದು ಹೇಗೆ ಅಂತ ಈ ಲೇಖನದಲ್ಲಿ ವಿವರಿಸುತ್ತೇನೆ.

ಮೊದಲು ಶಾಸ್ತ್ರೀಯ ಸಂಗೀತ. ಧಾರವಾಡದ ಮಲ್ಲಿಕಾರ್ಜುನ ಮನಸೂರ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಹಾಡುತ್ತಿದ್ದ ಹಿಂದೂಸ್ತಾನಿ ಸಂಗೀತದಲ್ಲಿ ಒಂದೊಂದು ರಾಗಕ್ಕೆ ಒಂದೊಂದು ಹೊತ್ತು. ಬೃಂದಾವನಿ ಸಾರಂಗ ನಡು ಮಧ್ಯಾಹ್ನದ ರಾಗ. ಮೇಘ ಮಳೆಗಾಲದ ರಾಗ. ಆಶ್ಚರ್ಯ ಏನಂದ್ರೆ ಎರಡರಲ್ಲೂ 'ಗ' ಮತ್ತು 'ದ' ಸ್ವರ ಇಲ್ಲ! ಆದರೆ ಮೇಘವನ್ನು ಸ್ವರ ತೂಗಿ, ಜಾರಿಸಿ, ಗಂಭೀರವಾಗಿ ಹಾಡುತ್ತಾರೆ. ಅಂದರೆ ಯಾವ ಸ್ವರ ಅನ್ನೋದು ಅಷ್ಟೇ ಅಲ್ಲ, ಹೇಗೆ ಹಾಡ್ತೀವಿ ಅನ್ನೋದೂ ಮುಖ್ಯ.

ಇನ್ನು ನಮ್ಮ ಹಳ್ಳಿಯ ಸಂಗೀತ. ಬೇಸಿಗೆ ಶುರುವಾಗೋದೇ ಹೋಳಿ ಹುಣ್ಣಿಮೆಯ ಹಲಗೆಯಿಂದ. ಒಣ ಹವೆಗೆ ಹಲಗೆಯ ಚರ್ಮ ಬಿಗಿಯಾಗಿ ಖಣಖಣ ಅನ್ನುತ್ತದೆ. ಮಳೆಗಾಲದ ತೇವಕ್ಕೆ ಅದು ಸಡಿಲಾಗುತ್ತದೆ, ಆಗ ಬೆಂಕಿಗೆ ಕಾಯಿಸಲೇಬೇಕು.

ಬಯಲಾಟ, ಬುರ್ರಕಥೆ ರಾತ್ರಿ ಯಾಕೆ? ಹಗಲು ಬಿಸಿಲು, ಹೊಲದ ಕೆಲಸ. ಇನ್ನೊಂದು ಕಾರಣ ವಿಜ್ಞಾನದ್ದು. ಶಬ್ದವು 0 ಡಿಗ್ರಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355 ಮೀಟರ್ ಚಲಿಸುತ್ತದೆ. ಹಗಲು ನೆಲದ ಹತ್ತಿರದ ಗಾಳಿ ಹೆಚ್ಚು ಕಾದಿರುವುದರಿಂದ ಶಬ್ದ ಮೇಲಕ್ಕೆ ಬಾಗಿ ಹೋಗುತ್ತದೆ. ರಾತ್ರಿ ನೆಲ ಆರಿ ಕೆಳಗಿನ ಗಾಳಿ ತಂಪಾದಾಗ ಶಬ್ದ ಕೆಳಕ್ಕೆ ಬಾಗಿ ದೂರದವರೆಗೂ ಕೇಳುತ್ತದೆ. ನಮ್ಮ ಸಂಡೂರು ತಾಲ್ಲೂಕಿನ ದರೋಜಿಯ ನಾಡೋಜ ಈರಮ್ಮನವರು (ಇವರು 2014ರಲ್ಲಿ ತೀರಿಕೊಂಡರು) ಕುಮಾರರಾಮನಂಥ ದೊಡ್ಡ ದೊಡ್ಡ ಕಥೆಗಳನ್ನು ಓದು ಬರಹ ಇಲ್ಲದೆ, ಬಾಯಿಪಾಠದಿಂದಲೇ ಹಾಡುತ್ತಿದ್ದರು. ಅಂಥ ಉದ್ದದ ಕಥೆ ಕೇಳೋಕೆ ತಂಪು ಹೊತ್ತೇ ಸರಿ.

ಹಾಗಾದರೆ ಮಧ್ಯಾಹ್ನಕ್ಕೆ? ಮೆತ್ತಗಿನ ಹಾಡು. ಮಧ್ಯಾಹ್ನ ಮೈಕಿನ ಸೌಂಡ್ ಎಷ್ಟು ಏರಿಸಿದರೂ ದೂರದವರಿಗೆ ಸರಿಯಾಗಿ ಕೇಳಲ್ಲ, ಪಕ್ಕದ ಮನೆಯವರ ಕಿವಿ ಮಾತ್ರ ಹೋಗುತ್ತದೆ. ನಮ್ಮಪ್ಪ ರಾತ್ರಿ ಪಾಳಿಯಲ್ಲಿ ಅದಿರಿನ ಲಾರಿ ಓಡಿಸುತ್ತಾರೆ. ಮಧ್ಯಾಹ್ನವೇ ಅವರಿಗೆ ರಾತ್ರಿ. ನಿದ್ದೆಗೆಟ್ಟು ಲಾರಿ ಹತ್ತಿದ ದಿನ, ಅಪ್ಪ ಮನೆಗೆ ಬರೋತನಕ ಅವ್ವ ಬಾಗಿಲಲ್ಲೇ ಕೂತಿರ್ತಾಳೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಸಾಮಾನ್ಯವಾಗಿ ಮೈಕು ಹಚ್ಚಬಾರದು ಅಂತ 2000ದ ಇಸವಿಯಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಹಗಲು ಮಲಗೋರನ್ನು ನಾವೇ ನೆನಪಿಟ್ಟುಕೊಳ್ಳಬೇಕು. ನಮ್ಮೂರಲ್ಲಿ ಇಂಥ ಅಪ್ಪಂದಿರು ಇನ್ನೂ ಇದ್ದಾರೆ.

ಬೇಸಿಗೆ ಮುಗಿದರೂ ಮಳೆ ಬರದಿದ್ದರೆ ಗುರ್ಜಿ ಹಾಡು. ರೊಟ್ಟಿ ಹಂಚಿನ ಮೇಲೆ ಸಗಣಿಯ ಗುರ್ಜಿ ಮಾಡಿ, ಗರಿಕೆ ಸಿಕ್ಕಿಸಿ, ತಲೆ ಮೇಲೆ ಹೊತ್ತು ಮಕ್ಕಳು ಮನೆ ಮನೆಗೆ ಹೋಗ್ತಾರೆ. ಮನೆಯವರು ನೀರು ಸುರಿದು ಕಾಳು ಕಡಿ ಕೊಡುತ್ತಾರೆ. ಈ ಹಾಡಿಗೆ ಮೈಕು ಬೇಡ, ಕ್ಯಾಸೆಟ್ಟೂ ಬೇಡ. ಆದರೆ ಹಾಡು ಬರಬೇಕಲ್ಲ? ಅದಕ್ಕೇ ಈ ರಜೆಯಲ್ಲಿ ಎಲ್ಲರೂ ನಿಮ್ಮ ಅಜ್ಜಿಯ ಹತ್ತಿರ ಒಂದೊಂದು ಹಾಡು ಕಲಿತು ಬರೆದಿಡಿ.

ನೆನಪಿಡಿ: ಮಧ್ಯಾಹ್ನಕ್ಕೆ ಮೆತ್ತಗಿನ ಹಾಡು, ರಾತ್ರಿಗೆ ಕಥೆಯ ಹಾಡು, ಮಳೆ ತಡವಾದರೆ ಗುರ್ಜಿ ಹಾಡು. ಏಳನೇ ತರಗತಿಯ ಬೀಳ್ಕೊಡುಗೆ ಮಧ್ಯಾಹ್ನ ಇಟ್ಟರೆ ನಾವು ಮೈಕಿಲ್ಲದೆ ಹಾಡೋಣ. ಏನಂತೀರಿ?

– 7ನೇ ತರಗತಿ ವಿದ್ಯಾರ್ಥಿನಿ