ರಿಂಗ್ ಕಾಯ್ದ ಎಡಗೈ

1968–69ರ ಋತುವಿನಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡ 48 ಪಂದ್ಯ ಗೆದ್ದು 34 ಸೋತಿತ್ತು. ಕೊನೆಗೆ ಚಾಂಪಿಯನ್ ಆಗಿದ್ದೂ ಅದೇ ತಂಡ. ಮರುವರ್ಷ ಗೆದ್ದದ್ದು 34, ಸೋತದ್ದು 48. ಅಂಕಿಗಳು ತಲೆಕೆಳಗಾದವು, 1950ರ ಬಳಿಕ ಮೊದಲ ಬಾರಿಗೆ ತಂಡಕ್ಕೆ ಪ್ಲೇಆಫ್ ಕೂಡ ದಕ್ಕಲಿಲ್ಲ. ನಡುವೆ ತಂಡದ ಸೆಂಟರ್ ಬಿಲ್ ರಸೆಲ್ ನಿವೃತ್ತರಾಗಿದ್ದರು. ಸ್ಯಾಮ್ ಜೋನ್ಸ್ ಎಂಬ ನುರಿತ ಶೂಟರ್ ಕೂಡ ಅವರ ಜೊತೆಗೇ ಆಟ ಬಿಟ್ಟಿದ್ದರು ಎಂಬುದನ್ನು ಮರೆಯಬಾರದು. ಆದರೆ ಸೆಲ್ಟಿಕ್ಸ್‌ಗೆ ಶೂಟರ್‌ಗಳ ಬರ ಎಂದೂ ಇರಲಿಲ್ಲ. ರಸೆಲ್ ಬರುವ ಮುನ್ನವೂ ಇರಲಿಲ್ಲ.

ಅದೇ ಈ ಕಥೆಯ ಗಂಟು. 1950ರ ದಶಕದ ಮೊದಲರ್ಧದಲ್ಲಿ ಸೆಲ್ಟಿಕ್ಸ್ ಆಟ ನೋಡಲು ಸೊಗಸಾಗಿತ್ತು. ಬೆನ್ನ ಹಿಂದಿನಿಂದ ಚೆಂಡು ದಾಟಿಸುವ ಬಾಬ್ ಕೂಸಿ, ಗುರಿ ತಪ್ಪದ ಬಿಲ್ ಶರ್ಮನ್, ಚುರುಕು ಸೆಂಟರ್ ಎಡ್ ಮಕಾಲಿ. ಅಂಕ ಗಳಿಕೆಯಲ್ಲಿ ತಂಡ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಮುಂಚೂಣಿಯಲ್ಲಿತ್ತು, ಆದರೆ ಹೆಚ್ಚುಕಡಿಮೆ ಅಷ್ಟೇ ಅಂಕಗಳನ್ನು ಎದುರಾಳಿಗೂ ಬಿಟ್ಟುಕೊಡುತ್ತಿತ್ತು. 1954, 1955, 1956, ಮೂರು ವರ್ಷ ಸತತವಾಗಿ ಸಿರಕ್ಯೂಸ್ ತಂಡವೇ ಅದನ್ನು ಪ್ಲೇಆಫ್‌ನಿಂದ ಮನೆಗೆ ಕಳಿಸಿತು. ತಪ್ಪಿದ ಚೆಂಡನ್ನು ರಿಂಗ್ ಕೆಳಗೆ ಕಿತ್ತುಕೊಳ್ಳುವವರು ತಂಡದಲ್ಲಿ ಇರಲಿಲ್ಲ. ಚೆಂಡೇ ಕೈಗೆ ಬರದಿದ್ದರೆ ಕೂಸಿಯ ಕೈಚಳಕ ಯಾವ ಕೆಲಸಕ್ಕೆ?

ಕೋಚ್ ರೆಡ್ ಔರ್‌ಬ್ಯಾಕ್‌ಗೆ ಇದು ಗೊತ್ತಿತ್ತು. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1956ರಲ್ಲಿ, ಎರಡನೇ ಆಯ್ಕೆಯ ಹಕ್ಕು ಸೇಂಟ್ ಲೂಯಿಸ್ ಹಾಕ್ಸ್ ಕೈಯಲ್ಲಿತ್ತು. ಅದನ್ನು ಪಡೆಯಲು ಔರ್‌ಬ್ಯಾಕ್ ಮಕಾಲಿಯನ್ನೂ ಕ್ಲಿಫ್ ಹೇಗನ್ ಎಂಬ ಹೊಸ ಪ್ರತಿಭೆಯನ್ನೂ ಕೊಟ್ಟರು. ಮಕಾಲಿಗೆ ಸೇಂಟ್ ಲೂಯಿಸ್ ಹುಟ್ಟೂರು, ಮಗನ ಆರೋಗ್ಯವೂ ಕೆಟ್ಟಿತ್ತು, ಹೀಗಾಗಿ ಅವರೂ ಒಪ್ಪಿದರು. ಇಬ್ಬರನ್ನು ಕೊಟ್ಟು ಪಡೆದದ್ದು, ಶೂಟಿಂಗ್‌ನಲ್ಲಿ ಅಂಥ ಹೆಸರಿಲ್ಲದ ಒಬ್ಬ ಕಾಲೇಜು ಹುಡುಗನನ್ನು.

ಆ ಹುಡುಗ ಲೂಸಿಯಾನದ ಮನ್ರೋದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಬೆಳೆದವರು. ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯಕ್ಕೆ 1955 ಮತ್ತು 1956ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟಿದ್ದರು. ರಕ್ಷಣೆ ಮಾಡುವವನು ನೆಲ ಬಿಡಬಾರದು ಎಂಬುದು ಆ ಕಾಲದ ಕೋಚ್‌ಗಳ ಪಾಠ. ರಸೆಲ್ ನೆಲ ಬಿಟ್ಟರು. ಹೈಜಂಪ್ ಕೂಡ ಮಾಡುತ್ತಿದ್ದ ಕಾಲು ಅದು. ಸಹಪಾಠಿ ಕೆ.ಸಿ. ಜೋನ್ಸ್ ಜೊತೆ ಕೂತು ಚೆಂಡು ಯಾವ ಕೋನದಲ್ಲಿ ಹೊರಟರೆ ಎಲ್ಲಿ ಬೀಳುತ್ತದೆ ಎಂದು ಚರ್ಚಿಸುತ್ತಿದ್ದರು. ಎಡಗೈ ಆಟಗಾರರಾದ್ದರಿಂದ ಎದುರು ನಿಂತ ಬಲಗೈ ಶೂಟರ್‌ನ ಚೆಂಡಿಗೆ ಅವರ ಕೈ ನೇರವಾಗಿ ಅಡ್ಡ ಬರುತ್ತಿತ್ತು. ಮೆಲ್ಬರ್ನ್ ಒಲಿಂಪಿಕ್ಸ್‌ನ ಚಿನ್ನ ಗೆದ್ದು, 1956ರ ಡಿಸೆಂಬರ್‌ನಲ್ಲಿ, ಋತು ಅರ್ಧ ದಾರಿಗೆ ಬರುತ್ತಿದ್ದಾಗ ಬಾಸ್ಟನ್ ಸೇರಿದರು.

ಅವರು ಬಂದ ಮೇಲೆ ಬದಲಾದದ್ದು ಏನು ಎಂಬುದನ್ನು ನಿಧಾನವಾಗಿ ನೋಡಬೇಕು. ಬ್ಲಾಕ್ ಮಾಡಿದ ಚೆಂಡನ್ನು ರಸೆಲ್ ಪ್ರೇಕ್ಷಕರ ಮೇಲೆ ಹೊಡೆದು ಚಪ್ಪಾಳೆ ಗಿಟ್ಟಿಸುತ್ತಿರಲಿಲ್ಲ. ಮೆಲ್ಲಗೆ ತಟ್ಟಿ ಕೋರ್ಟಿನೊಳಗೇ ಉಳಿಸಿ, ತನ್ನವರ ಕೈಗೆ ಬೀಳುವಂತೆ ಮಾಡುತ್ತಿದ್ದರು. ಹೊರಗೆ ಹೋದ ಚೆಂಡು ಮತ್ತೆ ಎದುರಾಳಿಗೇ ಸಿಗುತ್ತದೆ, ಒಳಗೆ ಉಳಿದ ಚೆಂಡು ಸೆಲ್ಟಿಕ್ಸ್ ದಾಳಿಯ ಆರಂಭವಾಗುತ್ತದೆ. ರಿಬೌಂಡ್, ಅಂದರೆ ತಪ್ಪಿ ಪುಟಿದ ಚೆಂಡು, ಹಿಡಿದರೆ ಪಾದ ನೆಲಕ್ಕೆ ತಾಕುವಷ್ಟರಲ್ಲಿ ಪಾಸ್ ಕೂಸಿಯ ಕಡೆ ಹೊರಟಿರುತ್ತಿತ್ತು, ಉಳಿದವರು ಆಗಲೇ ಓಡುತ್ತಿದ್ದರು. ಬಾಸ್ಟನ್ನಿನ ಪ್ರಸಿದ್ಧ ಫಾಸ್ಟ್ ಬ್ರೇಕ್ ಹುಟ್ಟುತ್ತಿದ್ದುದು ತನ್ನ ರಿಂಗ್ ಕೆಳಗೇ.

ಇನ್ನೂ ದೊಡ್ಡ ಬದಲಾವಣೆ ಉಳಿದ ನಾಲ್ವರಲ್ಲಿ ಆಯಿತು. ಗಾರ್ಡ್ ಒಬ್ಬ ಚೆಂಡು ಕದಿಯಲು ಮುನ್ನುಗ್ಗಿ ವಿಫಲನಾದರೆ, ಎದುರಾಳಿಗೆ ರಿಂಗ್‌ವರೆಗೆ ದಾರಿ ತೆರೆದಂತೆ. ಆ ಭಯದಿಂದಲೇ ಗಾರ್ಡ್‌ಗಳು ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಹಿಂದೆ ರಸೆಲ್ ಇದ್ದಾರೆಂದ ಮೇಲೆ ಆ ಹೆಜ್ಜೆ ಮುಂದಕ್ಕೆ ಬಂತು, ಇಡೀ ತಂಡದ ರಕ್ಷಣೆ ಒತ್ತಿ ಆಡಲು ಕಲಿಯಿತು. ಎದುರಾಳಿಗಳಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಕಬಡ್ಡಿ ನೋಡುವವರಿಗೆ ಇದು ಚೆನ್ನಾಗಿ ಗೊತ್ತು: ಮೂಲೆಯಲ್ಲಿ ಗಟ್ಟಿ ಹಿಡಿತದವನು ನಿಂತಿದ್ದರೆ ರೈಡರ್ ಒಳಗೆ ಕಾಲು ಚಾಚಲು ಅಳುಕಿ ಬರಿಗೈಯಲ್ಲಿ ಮರಳುತ್ತಾನೆ, ಆ ಅಳುಕು ಯಾರ ಖಾತೆಗೂ ಜಮೆಯಾಗುವುದಿಲ್ಲ. ರಸೆಲ್‌ರ ಆಟದ ಮುಕ್ಕಾಲು ಪಾಲು ಈ ಅಳುಕಿನಲ್ಲೇ ಇತ್ತು. ರಿಂಗ್ ಪಕ್ಕದ ಸುಲಭದ ಶಾಟ್ ಆದ ಲೇಅಪ್‌ಗೆ ಬಂದವನು ಮೇಲೆ ನೋಡಿ, ಚೆಂಡನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಎಸೆದು ತಪ್ಪಿಸಿಕೊಳ್ಳುತ್ತಿದ್ದ. ಅದನ್ನು ಬ್ಲಾಕ್ ಎಂದು ಯಾರೂ ಬರೆಯುವುದಿಲ್ಲ. ಅಸಲಿಗೆ ಎನ್‌ಬಿಎ ಬ್ಲಾಕ್‌ಗಳನ್ನು ಅಧಿಕೃತವಾಗಿ ಎಣಿಸತೊಡಗಿದ್ದೇ 1973–74ರಲ್ಲಿ, ಅವರು ಆಟ ಬಿಟ್ಟ ಮೇಲೆ.

ಮೊದಲ ಫಲ 1957ರ ಏಪ್ರಿಲ್ 13ರಂದು ಸಿಕ್ಕಿತು. ಹಾಕ್ಸ್ ವಿರುದ್ಧ ಫೈನಲ್ ಸರಣಿಯ ನಿರ್ಣಾಯಕ ಏಳನೇ ಪಂದ್ಯ. ಕೂಸಿ 20 ಶಾಟ್‌ಗಳಲ್ಲಿ ಎರಡನ್ನು, ಶರ್ಮನ್ 20ರಲ್ಲಿ ಮೂರನ್ನು ಮಾತ್ರ ಗುರಿ ಮುಟ್ಟಿಸಿದರು. ಹಿಂದಿನ ಸೆಲ್ಟಿಕ್ಸ್ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಂದು ಹೊಸಬ ಟಾಮಿ ಹೈನ್ಸನ್ 37 ಅಂಕ ಗಳಿಸಿದರು, ರಸೆಲ್ 32 ರಿಬೌಂಡ್ ಹಿಡಿದರು. ನಿಗದಿತ ಅವಧಿಯ ಕೊನೆಯ ಗಳಿಗೆಗಳಲ್ಲಿ ಹಾಕ್ಸ್‌ನ ಜಾಕ್ ಕೋಲ್ಮನ್ ಒಬ್ಬರೇ ಚೆಂಡಿನೊಂದಿಗೆ ರಿಂಗ್ ಕಡೆ ಸಾಗಿದ್ದರು. ಕೋರ್ಟಿನ ಇನ್ನೊಂದು ತುದಿಯಿಂದ ಓಡಿ ಬಂದ ರಸೆಲ್ ಆ ಶಾಟ್ ತಡೆದರು. ಎರಡು ಹೆಚ್ಚುವರಿ ಅವಧಿಗಳ ನಂತರ 125–123ರಿಂದ ಬಾಸ್ಟನ್ ಗೆದ್ದಿತು. ಮರುವರ್ಷದ ಫೈನಲ್‌ನಲ್ಲಿ ರಸೆಲ್‌ರ ಕಣಕಾಲು ಗಾಯಗೊಂಡಿತು, ಹಾಕ್ಸ್ ಗೆದ್ದಿತು. ಆಮೇಲೆ 1959ರಿಂದ 1966ರವರೆಗೆ ಸತತ ಎಂಟು ಪ್ರಶಸ್ತಿ. ಒಟ್ಟು 13 ಋತು, 11 ಪ್ರಶಸ್ತಿ. ರಸೆಲ್ ಆಡಿದ ಏಳನೇ ಪಂದ್ಯಗಳು ಹತ್ತು, ಹತ್ತರಲ್ಲೂ ಜಯ.

ಈ ಅವಧಿಯಲ್ಲಿ ಒಬ್ಬನೇ ಒಬ್ಬ ಸೆಲ್ಟಿಕ್ಸ್ ಆಟಗಾರ ಕೂಡ ಲೀಗ್‌ನ ಅಗ್ರ ಅಂಕ ಗಳಿಕೆದಾರನಾಗಲಿಲ್ಲ. 1961–62ರಲ್ಲಿ ವಿಲ್ಟ್ ಚೇಂಬರ್ಲಿನ್ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದರು. ಇಂದಿಗೂ ನಂಬಲು ಕಷ್ಟವಾಗುವ ಅಂಕಿ. ಆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಮಾತ್ರ ರಸೆಲ್‌ಗೆ ಹೋಯಿತು. ಆಗ ಮತ ಹಾಕುತ್ತಿದ್ದವರು ಪತ್ರಕರ್ತರಲ್ಲ, ಆಟಗಾರರು. ಇಬ್ಬರನ್ನೂ ಎದುರಿಸಿ ಬೆವರು ಸುರಿಸಿದವರ ಆ ತೀರ್ಪನ್ನು ನಾನು ಯಾವ ಅಂಕಿಅಂಶಕ್ಕಿಂತಲೂ ಹೆಚ್ಚು ನಂಬುತ್ತೇನೆ.

ಇಷ್ಟನ್ನು ಕೊಟ್ಟ ರಸೆಲ್‌ಗೆ ಸಿಕ್ಕಿದ್ದೇನು ಎಂಬುದನ್ನು ಹೇಳದೆ ಮುಂದೆ ಹೋಗಲಾಗದು. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಕಪ್ಪು ಆಟಗಾರರಿಗೆ ಊಟ ಬಡಿಸಲು ನಿರಾಕರಿಸಿದಾಗ ಅವರು ಸಂಗಡಿಗರೊಂದಿಗೆ ಪಂದ್ಯ ಬಿಟ್ಟು ಹೊರಟರು. ಬಾಸ್ಟನ್ ಬಳಿಯ ರೆಡಿಂಗ್‌ನಲ್ಲಿದ್ದ ಅವರ ಮನೆಗೆ ದುಷ್ಕರ್ಮಿಗಳು ನುಗ್ಗಿ ಹೊಲಸು ಮಾಡಿ ಹೋದರು. ಅದೇ ರಸೆಲ್ 1966ರಲ್ಲಿ ಎನ್‌ಬಿಎಯ ಮೊದಲ ಕಪ್ಪು ಮುಖ್ಯ ಕೋಚ್ ಆದರು. ಕೊನೆಯ ಎರಡು ಪ್ರಶಸ್ತಿಗಳನ್ನು ಆಡುತ್ತಲೇ, ಕೋಚ್ ಆಗಿಯೂ ಗೆದ್ದರು. 2022ರ ಜುಲೈನಲ್ಲಿ ಅವರು ತೀರಿಕೊಂಡಾಗ ಅವರ 6ನೇ ಸಂಖ್ಯೆಯನ್ನು ಇಡೀ ಲೀಗ್ ಬದಿಗಿಟ್ಟಿತು.

ಇಂದು ಅಂಥ ಸೆಂಟರ್ ಒಬ್ಬ ಸಿಕ್ಕರೆ ತಂಡ ಹಾಗೆಯೇ ಬದಲಾದೀತೇ? ಆಟವೇ ಬದಲಾಗಿದೆ. ರಸೆಲ್ ಕಾಲದ ಎನ್‌ಬಿಎಯಲ್ಲಿ ಮೂರು ಅಂಕದ ಗೆರೆ ಇರಲಿಲ್ಲ, ಅಂಕ ಬೇಕಿದ್ದವನು ಅವರ ಹತ್ತಿರವೇ ಬರಬೇಕಿತ್ತು. 1979ರಲ್ಲಿ ಆ ಗೆರೆ ಬಂತು. ಈಗ ಎದುರಾಳಿಗಳು ಸೆಂಟರನ್ನು ರಿಂಗ್‌ನಿಂದ ದೂರ ಎಳೆದು ದೂರದಿಂದ ಶಾಟ್ ಹೊಡೆಯುತ್ತಾರೆ. 2001ರಿಂದ, ಯಾರನ್ನೂ ಹತ್ತಿರದಿಂದ ಕಾಯದೆ ರಿಂಗ್ ಮುಂದೆ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುವುದಕ್ಕೂ ತಡೆಯಿದೆ. ಫ್ರಾನ್ಸ್‌ನ ವಿಕ್ಟರ್ ವೆಂಬನ್ಯಾಮಾ 2023–24ರ ತಮ್ಮ ಮೊದಲ ಋತುವಿನಲ್ಲೇ ಬ್ಲಾಕ್‌ಗಳಲ್ಲಿ ಲೀಗ್‌ಗೆ ಮೊದಲಿಗರಾದರು. ಅವರ ಸ್ಯಾನ್ ಆಂಟೋನಿಯೊ ಸ್ಪರ್ಸ್ ಗೆದ್ದ ಪಂದ್ಯಗಳು 22. ಅವರಿಲ್ಲದ ಹಿಂದಿನ ವರ್ಷ ಗೆದ್ದದ್ದೂ 22.

ರಸೆಲ್ ಬಂದಾಗ ಬಾಸ್ಟನ್‌ನಲ್ಲಿ ಕೂಸಿ ಕಾಯುತ್ತಿದ್ದರು. ಸ್ಪರ್ಸ್‌ನಲ್ಲಿ ತಡೆದ ಚೆಂಡನ್ನು ಮುಂದಕ್ಕೆ ಒಯ್ಯುವ ನುರಿತ ಕೈ ಇರಲಿಲ್ಲ. 2024ರ ಬೇಸಿಗೆಯಲ್ಲಿ ಆ ತಂಡ 39ರ ಹರೆಯದ ಗಾರ್ಡ್ ಕ್ರಿಸ್ ಪಾಲ್‌ರನ್ನು ಕರೆತಂದಿತು. ಮುಂದಿನ ಋತುವಿನ ನಡುವೆಯೇ ವೆಂಬನ್ಯಾಮಾ ಅನಾರೋಗ್ಯದಿಂದ ಹೊರಗುಳಿದರೂ ತಂಡದ ಗೆಲುವುಗಳು 12 ಹೆಚ್ಚಿದವು.