ಒಂದೇ ಮನೆ, ಮೂರು ಲೆಕ್ಕ: ಟಿಕೆಟ್ ಯಾರಿಗೆ ಎನ್ನುವಲ್ಲಿ ಗಡಿನಾಡಿನ ಹಿರಿಯರೂ ಕಿರಿಯರೂ

ಕಾಸರಗೋಡು: 2016ರ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದ ಫಲಿತಾಂಶ ನಿರ್ಧಾರವಾದದ್ದು ಬರೇ 89 ಮತಗಳಿಂದ. ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಗೆದ್ದರು, ಬಿಜೆಪಿಯ ಕೆ. ಸುರೇಂದ್ರನ್ ಸೋತರು. 89 ಎಂದರೆ ಮದುವೆ ಮನೆಯಲ್ಲಿ ಒಂದು ಹಂತಿಯಲ್ಲಿ ಊಟಕ್ಕೆ ಕೂರುವಷ್ಟು ಜನ. 2021ರಲ್ಲಿ ಅದೇ ಸುರೇಂದ್ರನ್ ಲೀಗಿನ ಎ.ಕೆ.ಎಂ. ಅಶ್ರಫ್ ಎದುರು 745 ಮತಗಳಿಂದ ಸೋತರು. ಇಂಥ ಕ್ಷೇತ್ರದಲ್ಲಿ ಒಂದೇ ಮನೆಯ ಅಜ್ಜ, ಅಪ್ಪ, ಮೊಮ್ಮಗ ಮೂರು ಕಡೆಗೆ ಓಟು ಹಾಕಿದರೆ ಅದು ಮನೆಯೊಳಗಿನ ವಿಷಯವಾಗಿ ಉಳಿಯುವುದಿಲ್ಲ.

ಅಜ್ಜನ ಕಾಲ

ಕೇರಳ ರಾಜ್ಯ ಹುಟ್ಟಿದ್ದು 1956ರ ನವೆಂಬರ್ 1ರಂದು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಆ ದಿನ ಕೇರಳದ ಪಾಲಾಯಿತು. ಮರುವರ್ಷವೇ ಬಂದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಪಕ್ಷೇತರರಾಗಿ ನಿಂತ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಅನಂತರ ಕಳ್ಳಿಗೆ ಮಹಾಬಲ ಭಂಡಾರಿ ಅವರ ಕಾಲ. 1967ರಲ್ಲಿ ಮಂಜೇಶ್ವರದಿಂದ ಭಂಡಾರಿ, ಕಾಸರಗೋಡಿನಿಂದ ಯು.ಪಿ. ಕುಣಿಕುಳ್ಳಾಯ, ಇಬ್ಬರೂ ವಿಲೀನದ ಬೇಡಿಕೆಯನ್ನೇ ಮುಂದಿಟ್ಟು ಗೆದ್ದರು. ಅದೇ ವರ್ಷ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ವರದಿ ಕೊಟ್ಟಿತು. ಆ ವರದಿ ಜಾರಿಗೆ ಬರಲೇ ಇಲ್ಲ.

ಆಗ ಮತದಾನದ ವಯಸ್ಸು 21. 1957ರಲ್ಲಿ ಓಟು ಹಾಕಿದವರು ಈಗ ಇದ್ದರೆ ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರಿಗೆ ಅಭ್ಯರ್ಥಿಯ ಪಕ್ಷ ಯಾವುದೆಂಬುದು ಎರಡನೇ ಪ್ರಶ್ನೆ. ಕನ್ನಡದವನೋ ಅಲ್ಲವೋ, ಅದೇ ಮೊದಲ ಪ್ರಶ್ನೆ.

ಅಪ್ಪನ ಕಾಲ

1970ರಲ್ಲಿ ಗಾಳಿ ಬದಲಾಯಿತು. ಮಂಜೇಶ್ವರವನ್ನು ಸಿಪಿಐಯ ಎಂ. ರಾಮಪ್ಪ ಗೆದ್ದರು. 1980ರಲ್ಲಿ ಅದೇ ಪಕ್ಷದ ಡಾ. ಎ. ಸುಬ್ಬರಾವ್ ಗೆದ್ದು ರಾಜ್ಯದ ನೀರಾವರಿ ಸಚಿವರೂ ಆದರು. 1987ರಿಂದ ಲೀಗಿನ ಚೆರ್ಕಳಂ ಅಬ್ದುಲ್ಲಾ ಸತತ ನಾಲ್ಕು ಸಲ ಶಾಸಕರಾದರು. ವಿಲೀನ ಆಗಲಿಕ್ಕಿಲ್ಲ ಎಂಬುದು ಮನಸ್ಸಿಗೆ ಬಂದ ಮೇಲೆ ಈ ತಲೆಮಾರು ರೇಶನ್ ಕಾರ್ಡು, ಭೂಮಿಯ ಪಟ್ಟೆ, ಪೆನ್ಶನ್, ರಸ್ತೆ ಎಂದು ತಿರುವನಂತಪುರದ ರಾಜಕೀಯದ ಒಳಗೆ ಹೋಯಿತು. ಓಟು ಭಾಷೆಯಿಂದ ಪಕ್ಷಕ್ಕೆ ಸರಿಯಿತು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದಾಗ ಕಚೇರಿಗಳೂ ಹತ್ತಿರ ಬಂದವು.

ಮೊಮ್ಮಕ್ಕಳ ಲೆಕ್ಕ

1989ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿಯಿತು. ಅನಂತರ ಪಟ್ಟಿಗೆ ಸೇರಿದವರು ಮಹಾಜನ ವರದಿಯನ್ನು ಕಂಡವರಲ್ಲ, ಕೇಳಿದವರು. ಕಾಲೇಜಿಗೆ ಮಂಗಳೂರು, ಕೆಲಸಕ್ಕೆ ಗಲ್ಫ್ ಅಥವಾ ಬೆಂಗಳೂರು, ಸರಕಾರಿ ಹುದ್ದೆ ಬೇಕಾದರೆ ಕೇರಳ ಪಿಎಸ್‌ಸಿ. ಮನೆಯಲ್ಲಿ ತುಳುವೋ ಕನ್ನಡವೋ ಕೊಂಕಣಿಯೋ ಬ್ಯಾರಿಯೋ, ಪೇಟೆಯಲ್ಲಿ ಮಲಯಾಳ. ಭಾಷೆ ಇವರಿಗೆ ಬೇಡವೆಂದಲ್ಲ. 2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಬೀದಿಗಿಳಿದವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದಾಗ ಮಕ್ಕಳೇ ಪ್ರತಿಭಟನೆಗೆ ಕೂತದ್ದುಂಟು.

ಆದರೆ 2020ರ ಮಾರ್ಚ್-ಏಪ್ರಿಲ್ ಬೇರೊಂದು ಪಾಠ ಕಲಿಸಿತು. ಕೊರೊನಾ ಕಾಲದಲ್ಲಿ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿತು. ಕಾಯಿಲೆ ಬಂದರೆ ಮಂಗಳೂರಿಗೆ ಓಡುವುದೇ ಅಭ್ಯಾಸವಾಗಿದ್ದ ಊರುಗಳು ಕಂಗಾಲಾದವು. ವಿಷಯ ಕೇರಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಶಿಲಾನ್ಯಾಸವಾಗಿತ್ತು. ಅದರ ಕಟ್ಟಡದಲ್ಲಿ ಕೊರೊನಾ ಆಸ್ಪತ್ರೆ ತೆರೆದದ್ದು 2020ರ ಏಪ್ರಿಲಿನಲ್ಲಿ. ಕರ್ನಾಟಕ ನಮ್ಮದು ಎಂದು ನಂಬಿದ್ದ ಹಿರಿಯರಿಗೆ ಇದು ನೋವು. ನಮ್ಮ ಆಸ್ಪತ್ರೆ ನಮ್ಮ ಜಿಲ್ಲೆಯಲ್ಲೇ ಬೇಕು ಎನ್ನುವ ಕಿರಿಯರಿಗೆ ಇದು ಕಾರಣ.

ಅಭ್ಯರ್ಥಿ ಬರುವುದು ಎಲ್ಲಿಂದ?

ತಲೆಮಾರಿನ ಈ ಅಂತರ ಓಟಿನ ದಿನಕ್ಕಿಂತ ಮೊದಲೇ, ಟಿಕೆಟಿನ ಹೊತ್ತಿಗೇ ಕಾಣುತ್ತದೆ. 2019ರ ಮಂಜೇಶ್ವರ ಉಪಚುನಾವಣೆಯಲ್ಲಿ ಈ ಕ್ಷೇತ್ರದವರಿಗೇ ಟಿಕೆಟ್ ಕೊಡಿ ಎಂಬ ಕೂಗು ಲೀಗಿನ ಯುವ ಕಾರ್ಯಕರ್ತರಿಂದ ಎದ್ದಿತು. ಟಿಕೆಟ್ ಸಿಕ್ಕಿದ್ದು ಜಿಲ್ಲೆಯ ತೆಂಕಣ ಭಾಗದ ಎಂ.ಸಿ. ಕಮರುದ್ದೀನ್ ಅವರಿಗೆ, ಗೆದ್ದವರೂ ಅವರೇ. ಎದುರಿಗಿದ್ದ ಬಿಜೆಪಿಯ ರವೀಶ ತಂತ್ರಿ ಕುಂಟಾರು, ಸಿಪಿಎಂನ ಶಂಕರ ರೈ ಇಬ್ಬರೂ ಇಲ್ಲಿಯ ಮಣ್ಣಿನವರು, ರೈಯವರು ಯಕ್ಷಗಾನ ಕಲಾವಿದರು ಕೂಡ. ಭಾಷೆಯೊಂದೇ ಗೆಲ್ಲಿಸುವ ಕಾಲ ಹೋಯಿತೆಂಬುದು ಅಲ್ಲಿ ಸ್ಪಷ್ಟವಾಯಿತು. ಎರಡು ವರ್ಷ ಕಳೆದು ಮಂಜೇಶ್ವರದವರೇ ಆದ ಅಶ್ರಫ್‌ಗೆ ಟಿಕೆಟ್ ಸಿಕ್ಕಿತು. ಗೆದ್ದು ಅವರು ಪ್ರಮಾಣ ವಚನ ತೆಗೆದುಕೊಂಡದ್ದು ಕನ್ನಡದಲ್ಲಿ. ಅಜ್ಜನ ಬೇಡಿಕೆಯನ್ನು ಮೊಮ್ಮಕ್ಕಳ ವಯಸ್ಸಿನವರು ಬೇರೆ ದಾರಿಯಲ್ಲಿ ತಂದಂತಾಯಿತು.

ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವುದಕ್ಕೇ ಸಾಮಾನ್ಯ ಮತದಾರರು ಓಟು ಹಾಕುತ್ತಾರೆ, ಸಮೀಕ್ಷೆಯವರು ವಯಸ್ಸಿನ ಲೆಕ್ಕವನ್ನೂ ಬರೆದಿಡುತ್ತಾರೆ. 2016ರಲ್ಲಿ ಅಯೋವಾ ರಾಜ್ಯದ ಡೆಮಾಕ್ರಟಿಕ್ ಪಕ್ಷದ ಸಭೆಗಳಿಗೆ ಬಂದವರನ್ನು ಬಾಗಿಲಲ್ಲೇ ಕೇಳಿದಾಗ, 30 ದಾಟದವರಲ್ಲಿ ಶೇ. 84 ಮಂದಿ ಬರ್ನಿ ಸ್ಯಾಂಡರ್ಸ್ ಎಂದರು. 65 ದಾಟಿದವರಲ್ಲಿ ಶೇ. 69 ಮಂದಿ ಹಿಲರಿ ಕ್ಲಿಂಟನ್ ಎಂದರು. ಸ್ಯಾಂಡರ್ಸ್‌ಗೆ ಆಗ 74 ವರ್ಷ. ಹುಡುಗರು ನೋಡಿದ್ದು ಅಭ್ಯರ್ಥಿಯ ಪ್ರಾಯವನ್ನಲ್ಲ, ಕಾಲೇಜಿನ ಫೀಸು, ಸಾಲ ಇವುಗಳ ಬಗ್ಗೆ ಅವರು ಏನು ಹೇಳುತ್ತಾರೆ ಎಂಬುದನ್ನು.

ಅಂಥದೇ ಒಂದು ಪ್ರಯೋಗ ನಮ್ಮ ಪಕ್ಕದಲ್ಲೂ ನಡೆದಿತ್ತು. 2014ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಅಭ್ಯರ್ಥಿಯನ್ನು ಮತದಾನದಿಂದ ಆರಿಸಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಮಂಗಳೂರಿನಲ್ಲಿ ಗೆದ್ದವರು 1937ರಲ್ಲಿ ಹುಟ್ಟಿದ ಬಿ. ಜನಾರ್ದನ ಪೂಜಾರಿ. ಆದರೆ ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳು ಮತ್ತು ಪ್ರತಿನಿಧಿಗಳು, ಊರಿನ ಜನರಲ್ಲ. ಮುಖ್ಯ ಚುನಾವಣೆಯಲ್ಲಿ ಪೂಜಾರಿ ತಮಗಿಂತ ಸುಮಾರು 30 ವರ್ಷ ಕಿರಿಯರಾದ ನಳಿನ್ ಕುಮಾರ್ ಕಟೀಲ್ ಎದುರು 1 ಲಕ್ಷ 40 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಆ ಸೋಲಿಗೆ ವಯಸ್ಸೊಂದೇ ಕಾರಣವಲ್ಲ, ಆ ವರ್ಷ ದೇಶದಲ್ಲೇ ಮೋದಿ ಅಲೆ ಇತ್ತು. ಆದರೂ ಸಮಿತಿಯ ಕೋಣೆಯೊಳಗಿನ ಲೆಕ್ಕಕ್ಕೂ ಮತಗಟ್ಟೆಯ ಸಾಲಿನ ಲೆಕ್ಕಕ್ಕೂ ಎಷ್ಟು ದೂರ ಎಂಬುದು ಅಲ್ಲಿ ಗೊತ್ತಾಯಿತು.

ಗಡಿಯ ಈಚೆ ಅಷ್ಟೂ ಇಲ್ಲ. ಲೀಗಿನ ತೀರ್ಮಾನಕ್ಕೆ ಪಾಣಕ್ಕಾಡಿನತ್ತ ನೋಡಬೇಕು, ಎಡಪಕ್ಷಗಳದ್ದಕ್ಕೆ ತಿರುವನಂತಪುರದತ್ತ, ಬಿಜೆಪಿ, ಕಾಂಗ್ರೆಸಿನದ್ದಕ್ಕೆ ದಿಲ್ಲಿಯತ್ತ. ಅಲ್ಲಿ ಕೂತವರಿಗೆ ಕುಂಬಳೆ, ಬದಿಯಡ್ಕ, ಪೈವಳಿಕೆಯ ಅಜ್ಜ ಏನು ಹೇಳುತ್ತಾರೆ, ಮೊಮ್ಮಗಳು ಏನು ಕೇಳುತ್ತಾಳೆ ಎಂಬುದು ಮುಟ್ಟುವುದು ಸ್ಥಳೀಯ ಸಮಿತಿಯವರು ಹೇಳಿದರೆ ಮಾತ್ರ.

ಹಾಗಾಗಿ ಮನೆಯೊಳಗಿನ ಜಗಳಕ್ಕಿಂತ ಮನೆಯವರೆಲ್ಲ ಒಪ್ಪುವ ಪಟ್ಟಿಯೊಂದು ಮುಖ್ಯ. ಕನ್ನಡ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರು, ಕಚೇರಿಯಲ್ಲಿ ಕನ್ನಡದ ಅರ್ಜಿಗೆ ಉತ್ತರ, ಗಡಿ ದಾಟದೆ ಸಿಗುವ ಆಸ್ಪತ್ರೆ. ಇವುಗಳಲ್ಲಿ ಮೊದಲಿನ ಎರಡು ಅಜ್ಜನವು, ಕೊನೆಯದು ಮೊಮ್ಮಕ್ಕಳದ್ದು ಎಂದು ತೋರಬಹುದು. ನಿಜ ಹೇಳುವುದಾದರೆ ಅಧ್ಯಾಪಕರು ಬೇಕಾದದ್ದು ಮಕ್ಕಳಿಗೆ, ಆಸ್ಪತ್ರೆ ಹೆಚ್ಚು ಬೇಕಾದದ್ದು ಅಜ್ಜನಿಗೆ. ಮತಯಂತ್ರದ ಮೇಲೆ ಅಭ್ಯರ್ಥಿಯ ಹೆಸರು ಮಂಜೇಶ್ವರ, ಕಾಸರಗೋಡು ಕ್ಷೇತ್ರಗಳಲ್ಲಿ ಕನ್ನಡದಲ್ಲೂ ಬರುತ್ತದೆ. ಆ ಹೆಸರು ಯಾರದ್ದಾಗಬೇಕು ಎಂದು ಪಕ್ಷದವರಿಗೆ ಹೇಳಬೇಕಾದದ್ದು ಪಟ್ಟಿ ಹೊರಬೀಳುವ ಮೊದಲು, ಅಜ್ಜನೂ ಮೊಮ್ಮಕ್ಕಳೂ ಒಟ್ಟಿಗೇ ಹೋಗಿ.